ಬೇಳೆ ಬೇಯದ ನೀರಿನಲ್ಲಿ ಸೀಗಡಿ ಸಾಕುವ ಬಗೆ

ಚಿತ್ರದುರ್ಗದ ಬಹಳಷ್ಟು ಮನೆಗಳಲ್ಲಿ ನೀರಿಗೆ ಎರಡು ಹೆಸರು, ಎರಡು ಜಾಗ. ಬೋರ್‌ವೆಲ್‌ನ ಸವಳು ನೀರು ಮಾಳಿಗೆಯ ಮೇಲಿನ ಟ್ಯಾಂಕಿಗೆ ಏರಿ ಸ್ನಾನಕ್ಕೆ, ಪಾತ್ರೆಗೆ, ಬಟ್ಟೆಗೆ ಇಳಿಯುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರ್ ಕ್ಯಾನಿನಲ್ಲಿ ತಂದ ಸಿಹಿನೀರು ಅಡುಗೆಮನೆಯ ಮೂಲೆಯಲ್ಲಿ ಇರುತ್ತದೆ. ತೊಗರಿಬೇಳೆಯನ್ನು ಯಾವ ನೀರಿನಲ್ಲಿ ಬೇಯಲು ಇಡಬೇಕು ಎಂಬುದನ್ನು ಇಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಊರಿನ ಒಂದು ಹೊಂಡಕ್ಕೆ ಸಿಹಿನೀರು ಹೊಂಡ ಎಂದೇ ಹೆಸರಿದೆ. ಸೀಗಡಿ, ಬಸವನಹುಳು, ನೀರುಗಪ್ಪೆ, ಆಕ್ಸಲಾಟಲ್ ಮುಂತಾದ, ಮೀನಿಗಿಂತ ಬೇರೆಯಾದ ಜಲಚರಗಳನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಬೇಕೆನ್ನುವವರಿಗೆ ಬೇಕಾದ ಮೊದಲ ತಿಳಿವಳಿಕೆಯೂ ಇದೇ. ಅಂಗಡಿಯಲ್ಲಿ ಪ್ರಾಣಿಯನ್ನು ಮೆಚ್ಚಿ ತಂದು, ಆಮೇಲೆ ಅದಕ್ಕೆ ತಕ್ಕ ನೀರಿಗಾಗಿ ಪರದಾಡುವುದು ನಮ್ಮಲ್ಲಿ ರೂಢಿ. ಮನೆಯ ನೀರನ್ನೂ ಮನೆಯೊಳಗಿನ ಬೇಸಿಗೆಯನ್ನೂ ಮೊದಲು ಅಳೆದು, ಅವೆರಡಕ್ಕೂ ಒಗ್ಗುವ ಪ್ರಾಣಿಯನ್ನು ಆಮೇಲೆ ಆರಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಬೇಳೆ ಬೇಯದಿರುವುದಕ್ಕೂ ಸೀಗಡಿ ಬದುಕುವುದಕ್ಕೂ ಇರುವ ನಂಟು ನೀರಿನ ಗಡಸುತನ. ಕಲ್ಲಿನ ಸಂದುಗಳಲ್ಲಿ ಬಹುಕಾಲ ನಿಂತ ಅಂತರ್ಜಲದಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತು ಈ ಕ್ಯಾಲ್ಸಿಯಂ ಜೊತೆ ಕೂಡಿ ಇನ್ನಷ್ಟು ಗಟ್ಟಿಯಾಗುವುದರಿಂದ ಬೇಳೆ ಎಷ್ಟು ಹೊತ್ತು ಕುದಿಸಿದರೂ ಕರಗುವುದಿಲ್ಲ. ಅದೇ ಕ್ಯಾಲ್ಸಿಯಂ ಬಸವನಹುಳುವಿನ ಚಿಪ್ಪಿಗೂ ಸೀಗಡಿಯ ಹೊರಕವಚಕ್ಕೂ ಮೂಲದ್ರವ್ಯ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಒಪ್ಪಿರುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಸಿಗದ ಕಡೆ 600 ಮಿಲಿಗ್ರಾಂವರೆಗೆ ಬಿಡಬಹುದೆಂದು ಅದು ಹೇಳುತ್ತದೆ. ಕರಗಿದ ಒಟ್ಟು ಘನವಸ್ತುಗಳಿಗೆ, ಅಂದರೆ ಎಲ್ಲರೂ ಟಿಡಿಎಸ್ ಎಂದು ಕರೆಯುವ ಅಳತೆಗೆ, ಈ ಮಿತಿಗಳು ಕ್ರಮವಾಗಿ 500 ಮತ್ತು 2000. ನಮ್ಮ ಬೀದಿಯ ಬೋರ್ ನೀರಿನಲ್ಲಿ ಮೀಟರ್ ಅದ್ದಿದರೆ 900ರ ಆಸುಪಾಸು ತೋರಿಸುತ್ತದೆ, ಘಟಕದ ಕ್ಯಾನಿನಲ್ಲಿ ಅದ್ದಿದರೆ 60. ದಾವಣಗೆರೆಯಲ್ಲಿರುವ ತಮ್ಮನ ಮನೆಗೆ ಬರುವ ನಲ್ಲಿ ನೀರು ನದಿಯದಾದ್ದರಿಂದ ಇವೆರಡರ ನಡುವೆ ನಿಲ್ಲುತ್ತದೆ. ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ.

ಟಿಡಿಎಸ್ ಮೀಟರ್ ನಿಜವಾಗಿ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು ಮಾತ್ರ. ಕರಗಿರುವುದು ಸುಣ್ಣವೋ ಅಡುಗೆ ಉಪ್ಪೋ ಎಂಬುದು ಅದಕ್ಕೆ ತಿಳಿಯದು. ಇದನ್ನು ಮರೆತವರು ಮೋಸಹೋಗುತ್ತಾರೆ. ಮಾಳಿಗೆಯ ಮೇಲೆ ನೀರು ಮೆದುಗೊಳಿಸುವ ಯಂತ್ರ ಕೂರಿಸಿಕೊಂಡ ಮನೆಗಳಲ್ಲಿ ಕ್ಯಾಲ್ಸಿಯಂ ಹೋಗಿ ಅದರ ಜಾಗಕ್ಕೆ ಸೋಡಿಯಂ ಬಂದಿರುತ್ತದೆ. ಮೀಟರ್ ಮೊದಲಿನಷ್ಟೇ ತೋರಿಸುತ್ತದೆ, ಸಾಬೂನು ಚೆನ್ನಾಗಿ ನೊರೆ ಬಿಡುತ್ತದೆ, ಸೀಗಡಿಗೆ ಮಾತ್ರ ಆ ನೀರಿನಲ್ಲಿ ಕವಚ ಕಟ್ಟಿಕೊಳ್ಳಲು ಏನೂ ಸಿಗುವುದಿಲ್ಲ. ಆದ್ದರಿಂದ ಮೀಟರಿನ ಜೊತೆಗೆ ಗಡಸುತನ ಮತ್ತು ಕ್ಷಾರೀಯತೆಯನ್ನು ಹನಿಗಳ ಲೆಕ್ಕದಲ್ಲಿ ತೋರಿಸುವ ಪರೀಕ್ಷಾ ಬಾಟಲಿಗಳನ್ನು ಒಮ್ಮೆಯಾದರೂ ಕೊಂಡು ನೋಡುವುದು ಒಳ್ಳೆಯದು. ಘಟಕದ ಆರ್‌ಒ ನೀರು ಶುದ್ಧವೆಂಬ ನಂಬಿಕೆಯಿಂದ ತೊಟ್ಟಿಗೆ ಅದನ್ನೇ ಪೂರ್ತಿ ತುಂಬುವುದೂ ಅಷ್ಟೇ ದೊಡ್ಡ ತಪ್ಪು. ಲವಣಗಳನ್ನೆಲ್ಲ ತೆಗೆದ ನೀರಿನಲ್ಲಿ ಆಮ್ಲೀಯತೆಯನ್ನು ತಡೆದು ನಿಲ್ಲಿಸುವ ಶಕ್ತಿಯೂ ಹೋಗಿರುತ್ತದೆ, ಆದ್ದರಿಂದ ಅದರ ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ, ಯಾವಾಗ ಬೇಕಾದರೂ ಕುಸಿಯಬಹುದು.

ಪಿಎಚ್ ಏಕೆ ಮುಖ್ಯ ಎಂಬುದನ್ನು ತಿಳಿಯಲು ತೊಟ್ಟಿಯೊಳಗಿನ ಕಸದ ವ್ಯವಹಾರವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪ್ರಾಣಿಗಳ ವಿಸರ್ಜನೆ, ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಇವೆಲ್ಲವೂ ಅಮೋನಿಯಾ ಆಗುತ್ತವೆ. ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಮತ್ತೊಂದು ಗುಂಪಿನವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಮೊದಲ ಎರಡೂ ವಿಷ. ಮೂರನೆಯದನ್ನು ಗಿಡಗಳು ಹೀರುತ್ತವೆ, ಉಳಿದದ್ದನ್ನು ನೀರು ಬದಲಿಸಿ ಹೊರಹಾಕಬಹುದು. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ, ಗಾಜಿನ ಮೇಲೆ ನೆಲೆನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಬೆಳಿಗ್ಗೆ ತೊಟ್ಟಿ ಕೊಂಡು ಸಂಜೆ ಸೀಗಡಿ ಬಿಟ್ಟವರಿಗೆ ವಾರದೊಳಗೆ ತೊಟ್ಟಿ ಖಾಲಿಯಾಗುವುದು ಇದೇ ಕಾರಣಕ್ಕೆ. ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ: ಅಷ್ಟಾಗಿ ತೊಂದರೆ ಕೊಡದ ಅಮೋನಿಯಂ ಅಯಾನು ಮತ್ತು ಕಿವಿರುಗಳನ್ನು ಸುಡುವ ಅಮೋನಿಯಾ ಅನಿಲ. 25 ಡಿಗ್ರಿ ಉಷ್ಣತೆಯ ನೀರಿನ ಪಿಎಚ್ 7 ಇದ್ದಾಗ ಅಪಾಯಕಾರಿ ರೂಪದ ಪಾಲು ನೂರಕ್ಕೆ ಅರ್ಧದಷ್ಟು, ಪಿಎಚ್ 8ಕ್ಕೆ ಏರಿದರೆ ನೂರಕ್ಕೆ ಐದನ್ನು ದಾಟುತ್ತದೆ, 8.5 ತಲುಪಿದರೆ ಸುಮಾರು 15 ಆಗುತ್ತದೆ. ನೀರು ಬಿಸಿಯಾದಷ್ಟೂ ಈ ಪಾಲು ಇನ್ನೂ ಏರುತ್ತದೆ. ನಮ್ಮ ಕಡೆಯ ಬೋರ್ ನೀರು ಸಾಮಾನ್ಯವಾಗಿ ಕ್ಷಾರೀಯ, ನಮ್ಮ ಬೇಸಿಗೆಯೋ ಬಿರುಸು. ಮಲೆನಾಡಿನ ಮೆದು ನೀರಿನ ತೊಟ್ಟಿಯಲ್ಲಿ ಪ್ರಾಣಿಗಳು ಹೇಗೋ ತಾಳಿಕೊಳ್ಳುವಷ್ಟು ಅಮೋನಿಯಾ ಇಲ್ಲಿ ಒಂದೇ ರಾತ್ರಿಯಲ್ಲಿ ಅವುಗಳನ್ನು ಕೊಲ್ಲಬಲ್ಲದು.

ಇದರ ಪ್ರತ್ಯಕ್ಷ ಪಾಠ ನನಗೆ ಸಿಕ್ಕಿದ್ದು ದಾವಣಗೆರೆಯಲ್ಲಿ, ಮಂಡಕ್ಕಿಯಿಂದ. ತಮ್ಮನ ಮನೆಗೆ ಬಂದ ನೆಂಟರ ಮಗುವೊಂದು ಕೆರೆಯ ಮೀನಿಗೆ ಎಸೆಯುವಂತೆ ತೊಟ್ಟಿಗೆ ಎರಡು ಹಿಡಿ ಮಂಡಕ್ಕಿ ಎಸೆದಿತ್ತು. ತೇಲುತ್ತಿದ್ದುದನ್ನು ಚಹದ ಸೋಸಣಿಗೆಯಲ್ಲಿ ತೆಗೆದು ಎಲ್ಲರೂ ನಿಶ್ಚಿಂತರಾದರು. ನೀರು ಕುಡಿದು ಊದಿಕೊಂಡ ಒಂದಷ್ಟು ಕಾಳುಗಳು ಫಿಲ್ಟರಿನ ಹಿಂದೆ ಇಳಿದು ಕೂತದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೂರನೆಯ ದಿನ ನೀರು ಗಂಜಿಯ ತಿಳಿಯಂತೆ ಮಬ್ಬಾಯಿತು, ಬಸವನಹುಳುಗಳೆಲ್ಲ ಗಾಜು ಹತ್ತಿ ನೀರಿನ ಅಂಚಿಗೆ ಬಂದು ಸಾಲಾಗಿ ನಿಂತವು. ಬಸವನಹುಳುಗಳು ಹೀಗೆ ಒಟ್ಟಿಗೆ ಮೇಲೇರಿದವೆಂದರೆ ಕೆಳಗಿನ ನೀರು ಕೆಟ್ಟಿದೆ ಎಂದೇ ಲೆಕ್ಕ. ಪರೀಕ್ಷೆಯ ಬಾಟಲಿಗಿಂತ ಮೊದಲು ಅವು ಹೇಳುತ್ತವೆ. ಅಂಥ ಹೊತ್ತಿನಲ್ಲಿ ಉಳಿದ ಆಹಾರವನ್ನು ಹುಡುಕಿ ತೆಗೆದು, ಅಷ್ಟೇ ಟಿಡಿಎಸ್ ಮತ್ತು ಅಷ್ಟೇ ಉಷ್ಣತೆಯ ನೀರಿನಿಂದ ಕಾಲುಭಾಗ ಬದಲಿಸಿ, ಗಾಳಿಯ ಪಂಪನ್ನು ಜೋರಾಗಿ ಬಿಡಬೇಕು. ಫಿಲ್ಟರನ್ನು ಮಾತ್ರ ನಲ್ಲಿಯ ಕೆಳಗೆ ತಿಕ್ಕಿ ತೊಳೆಯಬಾರದು. ಕ್ಲೋರಿನ್ ತಾಗಿದರೆ ಸ್ಪಂಜಿನ ಬ್ಯಾಕ್ಟೀರಿಯಾಗಳು ಸಾಯುತ್ತವೆ, ತೊಟ್ಟಿ ಮತ್ತೆ ಮೊದಲ ದಿನಕ್ಕೆ ಮರಳುತ್ತದೆ. ತೊಟ್ಟಿಯಿಂದಲೇ ಬಕೆಟ್ಟಿಗೆ ತೆಗೆದ ನೀರಿನಲ್ಲಿ ನಾಲ್ಕು ಸಲ ಹಿಂಡಿದರೆ ಸಾಕು.

ಸವಳು ನೀರಿಗೆ ತಕ್ಕ ಮೊದಲ ಪ್ರಾಣಿ ಬಸವನಹುಳು. ಅಂಗಡಿಗಳಲ್ಲಿ ಮಿಸ್ಟರಿ ಸ್ನೇಲ್ ಎಂಬ ಹೆಸರಿನಲ್ಲಿ ಸಿಗುವ, ಹಳದಿ, ನೀಲಿ, ದಂತದ ಬಣ್ಣಗಳ ಹುಳು ದಕ್ಷಿಣ ಅಮೆರಿಕದ ಮೂಲದ್ದು. ಸುಮಾರು 5 ಸೆಂಟಿಮೀಟರ್ ಬೆಳೆಯುತ್ತದೆ, ವರ್ಷದಿಂದ ಎರಡು ವರ್ಷ ಬದುಕುತ್ತದೆ. ಅದಕ್ಕೆ ಕಿವಿರೂ ಇದೆ, ಶ್ವಾಸಕೋಶವೂ ಇದೆ. ನೀರಿನ ಆಮ್ಲಜನಕ ಕಡಿಮೆಯಾದಾಗ ಕೊಳವೆಯಂಥ ಅಂಗವನ್ನು ಮೇಲಕ್ಕೆ ಚಾಚಿ, ದೇಹವನ್ನು ತಿದಿಯಂತೆ ಮುಂದಕ್ಕೂ ಹಿಂದಕ್ಕೂ ಒತ್ತುತ್ತಾ ಗಾಳಿ ಎಳೆದುಕೊಳ್ಳುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯದು. ಇದರ ಹತ್ತಿರದ ಸಂಬಂಧಿಗಳು ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಲ್ಲೂ ಇವೆ; ನೀರು ಆರಿದಾಗ ಬಾಯಿಮುಚ್ಚಳ ಬಿಗಿದುಕೊಂಡು ಕೆಸರಿನೊಳಗೆ ಮಲಗಿ ಮುಂದಿನ ನೀರಿಗಾಗಿ ಕಾಯುವ ಹುಳುಗಳು ಅವೇ. ಗದ್ದೆಯ ಹುಳುವನ್ನು ಆರಿಸಿ ತಂದು ತೊಟ್ಟಿಗೆ ಬಿಡಬಾರದು, ಅದರೊಡನೆ ಪರಾವಲಂಬಿಗಳೂ ಮನೆಗೆ ಬರುತ್ತವೆ.

ಮಿಸ್ಟರಿ ಹುಳುವಿನ ಮೊಟ್ಟೆಗೊಂಚಲು ನೀರಿನ ಮೇಲೆ, ಗಾಜಿಗೋ ಮುಚ್ಚಳಕ್ಕೋ ಅಂಟಿಕೊಂಡಿರುತ್ತದೆ. ಆದ್ದರಿಂದ ನೀರನ್ನು ಅಂಚಿನವರೆಗೆ ತುಂಬದೆ ನಾಲ್ಕು ಬೆರಳಷ್ಟು ಜಾಗ ಬಿಡಬೇಕು. ಎರಡು ಮೂರು ವಾರಗಳಲ್ಲಿ ಅದು ಒಡೆದು ಮರಿಗಳು ಹತ್ತಾರು ಸಂಖ್ಯೆಯಲ್ಲಿ ನೀರಿಗೆ ಉದುರುತ್ತವೆ. ಅಷ್ಟು ಬೇಡವೆನ್ನುವವರು ಗೊಂಚಲು ಕಂಡ ದಿನವೇ ಕೆರೆದು ತೆಗೆಯಬೇಕು. ಚಿಪ್ಪಿನ ಹೊಸ ಅಂಚು ತೆಳ್ಳಗಾಗಿದ್ದರೆ ಅಥವಾ ಹಳೆಯ ಭಾಗದಲ್ಲಿ ಗುಳಿಗಳು ಕಂಡರೆ ನೀರಿನಲ್ಲಿ ಸುಣ್ಣದ ಅಂಶ ಸಾಲದು ಎಂದರ್ಥ. ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರನೊರೆ ಎಂದು ಕೇಳಿದರೆ ಕೊಡುವ ಬಿಳಿಯ ಹಗುರ ತುಂಡು ಕಟ್ಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು. ಅದರ ಚೂರೊಂದನ್ನು ತೊಟ್ಟಿಗೆ ಹಾಕಿದರೆ ನಿಧಾನವಾಗಿ ಕರಗುತ್ತದೆ. ಹುಳು ಎರಡು ದಿನ ಅಲ್ಲಾಡದೆ ಬಿದ್ದಿದ್ದರೆ ಎತ್ತಿ ಮೂಸಿ ನೋಡಬೇಕು. ಸತ್ತ ಹುಳುವಿನ ವಾಸನೆಯಲ್ಲಿ ಅನುಮಾನಕ್ಕೆ ಎಡೆಯೇ ಇರುವುದಿಲ್ಲ.

ಸೀಗಡಿಯ ವಿಷಯ ಇನ್ನೂ ನಾಜೂಕು. ಹೊಸಬರಿಗೆ ತಕ್ಕದ್ದು ಚೆರಿ ಸೀಗಡಿ ಎಂಬ ಪೂರ್ವ ಏಷ್ಯಾ ಮೂಲದ ಸಿಹಿನೀರಿನ ಜಾತಿ. ಎರಡರಿಂದ ಮೂರು ಸೆಂಟಿಮೀಟರ್ ಉದ್ದ, ಒಂದರಿಂದ ಎರಡು ವರ್ಷದ ಆಯುಸ್ಸು. ಇದರ ಹೆಣ್ಣು ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಬಾಲದಡಿಯಲ್ಲಿ ಹೊತ್ತು, ಈಜುಗಾಲುಗಳಿಂದ ಅವುಗಳಿಗೆ ಸದಾ ಗಾಳಿ ಬೀಸುತ್ತಾ ಮೂರು ನಾಲ್ಕು ವಾರ ಕಾಯುತ್ತದೆ. ಹೊರಬರುವ ಮರಿಗಳು ಎರಡು ಮಿಲಿಮೀಟರ್ ಉದ್ದದ ಪುಟ್ಟ ಸೀಗಡಿಗಳೇ ಆಗಿರುತ್ತವೆ. ಬೇರೆ ಕೆಲವು ಜಾತಿಗಳ ಮರಿಗಳಂತೆ ಅವುಗಳಿಗೆ ಉಪ್ಪುನೀರಿನ ಹಂತವಿಲ್ಲ, ಹಾಗಾಗಿ ಇವು ಮನೆಯ ತೊಟ್ಟಿಯಲ್ಲೇ ಸಂಸಾರ ಹೂಡುತ್ತವೆ. ಇವುಗಳಿಗೆ ಹಿತವಾದ ಟಿಡಿಎಸ್ 150ರಿಂದ 300ರವರೆಗೆ. ನಮ್ಮ ಎರಡು ನೀರುಗಳಲ್ಲಿ ಒಂದು ಇದಕ್ಕಿಂತ ಬಹಳ ಮೇಲೆ, ಇನ್ನೊಂದು ಬಹಳ ಕೆಳಗೆ, ಬೆರೆಸುವುದೊಂದೇ ದಾರಿ. ಲೆಕ್ಕ ಸುಲಭ: 60 ಇರುವ ಘಟಕದ ನೀರಿನ 20 ಲೀಟರ್ ಕ್ಯಾನಿಗೆ 900 ಇರುವ ಬೋರ್ ನೀರನ್ನು 8 ಲೀಟರ್ ಸೇರಿಸಿದರೆ 28 ಲೀಟರ್ ನೀರು 300ಕ್ಕೆ ಬಂದು ನಿಲ್ಲುತ್ತದೆ. ಪ್ರತಿ ಮನೆಯ ಅಂಕಿಗಳು ಬೇರೆಯಾದರೂ ಗುಣಿಸುವ, ಕೂಡುವ, ಭಾಗಿಸುವ ಕ್ರಮ ಇದೇ. ಈ ಮಿಶ್ರಣಕ್ಕೆ ಸುಣ್ಣದ ಅಂಶ ಬೋರಿನಿಂದಲೇ ಬರುವುದರಿಂದ, ದುಬಾರಿ ಖನಿಜದ ಪುಡಿಗಳನ್ನು ಕೊಳ್ಳುವ ಅಗತ್ಯ ನಮ್ಮ ಊರಿನವರಿಗಿಲ್ಲ. ಸವಳು ನೀರಿನಿಂದ ನಮಗಾಗುವ ಲಾಭ ಅಪರೂಪ, ಇದು ಅವುಗಳಲ್ಲೊಂದು.

ತಂದ ಸೀಗಡಿಗಳನ್ನು ಚೀಲದಿಂದ ನೇರವಾಗಿ ತೊಟ್ಟಿಗೆ ಸುರಿಯಬಾರದು. ಮೆಡಿಕಲ್ ಅಂಗಡಿಯಿಂದ ಗ್ಲೂಕೋಸ್ ಏರಿಸುವ ಹೊಸ ನಳಿಕೆಯೊಂದನ್ನು ತಂದು, ತೊಟ್ಟಿಯ ನೀರನ್ನು ಸೀಗಡಿಗಳಿರುವ ಪಾತ್ರೆಗೆ ಸೆಕೆಂಡಿಗೆ ಎರಡು ಹನಿಯಂತೆ ಒಂದೆರಡು ಗಂಟೆ ಇಳಿಸಬೇಕು. ಅದರ ಪುಟ್ಟ ಚಕ್ರ ಹನಿಯ ವೇಗವನ್ನು ಬೇಕಾದಂತೆ ಹಿಡಿದು ನಿಲ್ಲಿಸುತ್ತದೆ. ಅಲ್ಲಿಂದ ಮುಂದೆ ಸೀಗಡಿಯ ಬದುಕೆಲ್ಲ ಕವಚ ಕಳಚುವುದರ ಸುತ್ತ ತಿರುಗುತ್ತದೆ. ಬೆಳೆಯುವ ದೇಹಕ್ಕೆ ಹಳೆಯ ಕವಚ ಬಿಗಿಯಾದಾಗ ತಲೆ ಮತ್ತು ಹೊಟ್ಟೆ ಸೇರುವಲ್ಲಿ ಬೆನ್ನ ಮೇಲೆ ಸೀಳು ಬಿಡುತ್ತದೆ. ಸೀಗಡಿ ಕುಡುಗೋಲಿನಂತೆ ಬಾಗಿ, ಒಮ್ಮೆ ಚಿಮ್ಮಿ, ಕಣ್ಣು ಮಿಟುಕಿಸುವುದರೊಳಗೆ ಹೊರಗಿರುತ್ತದೆ. ಹಿಂದೆ ಉಳಿದ ಪೊರೆಯಲ್ಲಿ ಮೀಸೆ, ಕಾಲು, ಕಣ್ಣಿನ ಹೊದಿಕೆ ಎಲ್ಲವೂ ಇದ್ದಲ್ಲೇ ಇರುತ್ತವೆ. ಮೊದಲ ಸಲ ನೋಡಿದವರು ಸೀಗಡಿಯೇ ಸತ್ತಿತೆಂದು ಬೇಸರಪಡುತ್ತಾರೆ. ಬೆಳಕಿಗೆ ಹಿಡಿದರೆ ಈರುಳ್ಳಿಯ ಒಳಸಿಪ್ಪೆಯಂತೆ ಪಾರದರ್ಶಕವಾಗಿರುವುದು ಪೊರೆ, ಬೇಯಿಸಿದಂತೆ ಗುಲಾಬಿ ಬಣ್ಣಕ್ಕೆ ತಿರುಗಿರುವುದು ಶವ. ಪೊರೆಯನ್ನು ತೆಗೆಯದೆ ಬಿಡಬೇಕು, ಅದರ ಸುಣ್ಣವನ್ನು ಸೀಗಡಿಗಳೇ ತಿಂದು ಮರಳಿ ಪಡೆಯುತ್ತವೆ. ಸೀಳು ಬೆನ್ನ ಮೇಲೆ ಮಾತ್ರ ಬಿಡದೆ ದೇಹದ ಸುತ್ತ ಬಿಳಿಯ ಉಂಗುರದಂತೆ ಕಂಡರೆ ಆ ಸೀಗಡಿ ಉಳಿಯುವುದು ಕಷ್ಟ. ನೀರಿನ ಗಡಸುತನ ಹದ ತಪ್ಪಿದಾಗ, ಇಲ್ಲವೇ ಒಮ್ಮೆಗೇ ಅರ್ಧ ತೊಟ್ಟಿ ನೀರು ಬದಲಿಸಿ ಹೊತ್ತಿಗೆ ಮೊದಲೇ ಪೊರೆ ಕಳಚುವಂತೆ ಮಾಡಿದಾಗ ಹೀಗಾಗುತ್ತದೆ. ವಾರಕ್ಕೆ ಹತ್ತನೆಯ ಒಂದು ಭಾಗ ಬದಲಿಸಿದರೆ ಸಾಕು.

ಸೀಗಡಿಗೆ ದೊಡ್ಡ ಶತ್ರು ತಾಮ್ರ. ಅವುಗಳ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ತಾಮ್ರವೇ, ನಮ್ಮಲ್ಲಿ ಕಬ್ಬಿಣವಿದ್ದಂತೆ. ಆದರೂ ನೀರಿನಲ್ಲಿ ಕರಗಿದ ತಾಮ್ರ ಅತ್ಯಲ್ಪ ಪ್ರಮಾಣದಲ್ಲೂ ಅವುಗಳ ಕಿವಿರುಗಳನ್ನು ಹಾಳುಮಾಡುತ್ತದೆ. ಒಂದು ಸಂಜೆ ಕರೆಂಟು ಹೋಗಿ ಮೋಟರ್ ಓಡದೆ ಇದ್ದಾಗ, ತೊಟ್ಟಿಗೆ ಬೇಕಾದ ಎರಡು ಚೊಂಬು ನೀರನ್ನು ಬಚ್ಚಲಮನೆಯ ತಾಮ್ರದ ಹಂಡೆಯಿಂದ ಮೊಗೆದು ಹಾಕಿದವನು ನಾನೇ. ಹುಣಸೆಹಣ್ಣಿನಲ್ಲಿ ಆಗಷ್ಟೇ ಉಜ್ಜಿ ಬೆಳಗಿದ್ದ ಹಂಡೆ ಅದು. ಇಪ್ಪತ್ತು ಸೀಗಡಿಗಳಲ್ಲಿ ಹನ್ನೆರಡು ಎರಡೇ ದಿನಗಳಲ್ಲಿ ಹೋದವು. ಅದೇ ತೊಟ್ಟಿಯ ಗಪ್ಪಿ ಮೀನುಗಳಿಗೆ ಏನೂ ಆಗಲಿಲ್ಲ. ಮೀನಿನ ಕಾಯಿಲೆಗೆ ಮಾರುವ ಹಲವು ಔಷಧಿಗಳಲ್ಲೂ ತಾಮ್ರವಿರುವುದರಿಂದ ಬಾಟಲಿಯ ಮೇಲಿನ ಬರಹವನ್ನು ಓದದೆ ಹನಿಯನ್ನೂ ಹಾಕಬಾರದು. ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್, ಆದ್ದರಿಂದ ಔಷಧಿ ಕಲಸಿದ ಬಕೆಟ್ಟಾಗಲಿ, ಕಲಸಿದ ಕೈಯಾಗಲಿ ತೊಟ್ಟಿಯ ಹತ್ತಿರ ಸುಳಿಯಬಾರದು.

ಸೊಳ್ಳೆಬತ್ತಿ ಮತ್ತು ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ಔಷಧಿಯೂ ಇದೇ ಸಾಲಿಗೆ ಸೇರುತ್ತವೆ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಗುಂಪಿನ ರಾಸಾಯನಿಕಗಳು ಮನುಷ್ಯನಿಗೆ ಹೆಚ್ಚು ಕೇಡು ಮಾಡದಿದ್ದರೂ ಸೀಗಡಿ, ಮೀನುಗಳಿಗೆ ಕಡು ವಿಷ, ಮತ್ತು ಗಾಳಿಯ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ತೊಟ್ಟಿಯಿರುವ ಕೋಣೆಯಲ್ಲಿ ಸೊಳ್ಳೆಪರದೆಯೇ ಸರಿ. ಆಹಾರದ ವಿಷಯದಲ್ಲಿ ಹೇಳುವುದು ಕಡಿಮೆ: ಗಾಜಿನ ಮೇಲಿನ ಪಾಚಿ, ರಸ್ತೆಬದಿಯ ಕಾಡುಬಾದಾಮಿ ಮರದ ಒಣಗಿ ಉದುರಿದ ಎಲೆ, ಹಿತ್ತಲಿನ ನುಗ್ಗೆಸೊಪ್ಪನ್ನು ಒಂದು ಕುದಿ ಬರಿಸಿ ಹಾಕಿದ ಎಸಳು. ಸಂತೆಯ ಸೊಪ್ಪಿನ ಮೇಲೆ ಕೀಟನಾಶಕ ಉಳಿದಿರಬಹುದಾದ್ದರಿಂದ ಔಷಧಿ ಹೊಡೆಯದ ಹಿತ್ತಲ ಸೊಪ್ಪೇ ಮೇಲು. ನಾಲ್ಕು ಗಂಟೆಯಲ್ಲಿ ಮುಗಿಯದ್ದನ್ನು ತೆಗೆದುಬಿಡಬೇಕು. ಎಲೆ ಮಾತ್ರ ತಿಂಗಳುಗಟ್ಟಲೆ ಇರಬಹುದು.

ಇನ್ನು ಬೇಸಿಗೆ. ಏಪ್ರಿಲ್ ಮಧ್ಯಾಹ್ನಗಳಲ್ಲಿ ಹೊರಗೆ 37, 38 ಡಿಗ್ರಿ ತಲುಪಿದಾಗ ಆರ್‌ಸಿಸಿ ಮಾಳಿಗೆಯ ಕೆಳಗಿನ ತೊಟ್ಟಿಯ ನೀರು ಸಲೀಸಾಗಿ 31 ಮುಟ್ಟುತ್ತದೆ. ಬಿಸಿಯಾದ ನೀರಿನಲ್ಲಿ ಪ್ರಾಣಿಯ ಉಸಿರಾಟ ಜೋರಾಗುತ್ತದೆ, ಆಮ್ಲಜನಕ ಮಾತ್ರ ಕಡಿಮೆಯಾಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿರಬಲ್ಲ ಆಮ್ಲಜನಕ 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಇದಕ್ಕೆ ಅತ್ಯಂತ ಅಗ್ಗದ ಪರಿಹಾರ ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವ ಪುಟ್ಟ ಫ್ಯಾನು. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ಕಾರಣವೇ ಇಲ್ಲೂ ಕೆಲಸ ಮಾಡುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಬೇಕು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ 55 ಲೀಟರ್ ತೊಟ್ಟಿಯಿಂದ ಅಷ್ಟು ಶಾಖವನ್ನು ಒಮ್ಮೆಗೇ ತೆಗೆದರೆ ನೀರು ಹತ್ತು ಡಿಗ್ರಿಗಳಷ್ಟು ತಣಿಯಬೇಕು. ಕೋಣೆಯ ಗಾಳಿಯಿಂದ ಶಾಖ ಮತ್ತೆ ಮತ್ತೆ ಒಳಬರುವುದರಿಂದ ಕೊನೆಗೆ ಉಳಿಯುವ ಇಳಿಕೆ ಎರಡರಿಂದ ನಾಲ್ಕು ಡಿಗ್ರಿ. ನಮ್ಮ ಮನೆಯಲ್ಲಿ 31 ಇದ್ದದ್ದು 28ಕ್ಕೆ ಬರುತ್ತದೆ. ಸೀಗಡಿಗಳು ಬೇಸಿಗೆ ದಾಟಲು ಆ ಮೂರು ಡಿಗ್ರಿ ಸಾಕು. ಗಾಳಿ ಒಣಗಿದ್ದಷ್ಟೂ ಆವಿಯಾಗುವಿಕೆ ಹೆಚ್ಚು, ಆದ್ದರಿಂದ ಕರಾವಳಿಯವರಿಗೆ ಅಷ್ಟಾಗಿ ದಕ್ಕದ ಈ ಉಪಾಯ ಬಯಲುಸೀಮೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಐಸ್ ತುಂಬಿದ ಬಾಟಲಿಯನ್ನು ತೇಲಿಬಿಡುವವರೂ ಇದ್ದಾರೆ. ಗಂಟೆಯೊಳಗೆ ನಾಲ್ಕು ಡಿಗ್ರಿ ಇಳಿದು ಮತ್ತೆ ಅಷ್ಟೇ ಏರುವ ನೀರು ಸದಾ 30ರಲ್ಲಿರುವ ನೀರಿಗಿಂತ ಕೆಟ್ಟದ್ದು.

ಫ್ಯಾನು ಬೀಸಿದರೆ ದಿನಕ್ಕೆ ಒಂದು, ಒಂದೂಕಾಲು ಲೀಟರ್ ನೀರು ಆರುತ್ತದೆ. ಆವಿಯಾಗುವುದು ಬರೀ ನೀರು, ಲವಣಗಳು ತೊಟ್ಟಿಯಲ್ಲೇ ಉಳಿಯುತ್ತವೆ. ಕಡಿಮೆಯಾದಷ್ಟನ್ನು ಬೋರ್ ನೀರಿನಿಂದ ತುಂಬುತ್ತಾ ಹೋದರೆ ತಿಂಗಳೊಳಗೆ ಟಿಡಿಎಸ್ 300ರಿಂದ 700 ದಾಟುತ್ತದೆ. ಸೀಗಡಿಗಳು ಒಂದೊಂದಾಗಿ ಏಕೆ ಸಾಯುತ್ತಿವೆ ಎಂಬುದು ಮನೆಯವರಿಗೆ ಬಗೆಹರಿಯುವುದಿಲ್ಲ. ಆದ್ದರಿಂದ ಬೆರೆಸಿದ ನೀರು ವಾರದ ಬದಲಾವಣೆಗೆ, ಬರೀ ಘಟಕದ ನೀರು ಆರಿದ್ದನ್ನು ತುಂಬಲು. ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವವರು ಇದನ್ನೇ ನೆನಪಿಡಲಿ ಎಂಬುದು ನನ್ನ ಆಸೆ, ಏಕೆಂದರೆ ನಮ್ಮ ಕಡೆ ಕೆಟ್ಟ ಸೀಗಡಿ ತೊಟ್ಟಿಗಳಲ್ಲಿ ಹೆಚ್ಚಿನವು ಕೆಟ್ಟದ್ದು ಇದರಿಂದಲೇ ಎಂದು ನನಗೆ ಅನ್ನಿಸುತ್ತದೆ.

ಆಕ್ಸಲಾಟಲ್ ನಮ್ಮ ಊರಿಗೆ ಏಕೆ ಸಲ್ಲದು ಎಂಬುದು ಈಗ ಸುಲಭವಾಗಿ ತಿಳಿಯುತ್ತದೆ. ಕತ್ತಿನ ಎರಡೂ ಬದಿ ಗರಿಯಂಥ ಕಿವಿರುಗಳನ್ನು ಹರಡಿ ನಗುಮುಖದಂತೆ ಕಾಣುವ ಈ ಉಭಯಚರಿ ಮೆಕ್ಸಿಕೋ ನಗರದ ಸೋಚಿಮಿಲ್ಕೋ ಸರೋವರದ್ದು. ಕಪ್ಪೆಯ ಗೊದಮೊಟ್ಟೆ ಕಪ್ಪೆಯಾಗದೆ ಹಾಗೆಯೇ ದೊಡ್ಡದಾಗಿ ಮರಿ ಹಾಕತೊಡಗಿದರೆ ಹೇಗೋ ಹಾಗೆ, ಇದು ಬಾಲ್ಯರೂಪದಲ್ಲೇ ಪ್ರೌಢವಾಗುತ್ತದೆ. ಕಡಿದುಹೋದ ಕಾಲನ್ನು ಮೂಳೆಸಹಿತ ಮತ್ತೆ ಬೆಳೆಸಿಕೊಳ್ಳುವ ಶಕ್ತಿಯಿಂದಾಗಿ 1864ರಲ್ಲಿ ಪ್ಯಾರಿಸ್‌ಗೆ ಬಂದಂದಿನಿಂದ ಪ್ರಯೋಗಾಲಯಗಳಲ್ಲಿ ಅದರ ಸಂತತಿ ನಡೆದುಬಂದಿದೆ. ಸ್ವಂತ ಸರೋವರದಲ್ಲಿ ಮಾತ್ರ ಅದು ಅಳಿವಿನ ಅಂಚಿನಲ್ಲಿದೆ. ಅದಕ್ಕೆ ಬೇಕಾದ ನೀರು 16ರಿಂದ 18 ಡಿಗ್ರಿ. 24 ದಾಟಿದರೆ ಊಟ ಬಿಡುತ್ತದೆ, ಕಿವಿರುಗಳು ಮುಂದಕ್ಕೆ ಬಾಗುತ್ತವೆ, ಮೈಮೇಲೆ ಹತ್ತಿಯಂತೆ ಬೂಸು ಬರುತ್ತದೆ. ಫ್ಯಾನಿನಿಂದ 18ಕ್ಕೆ ಇಳಿಸಲು ಸಾಧ್ಯವಿಲ್ಲ. ವರ್ಷದ ಬಹುಪಾಲು ಹಗಲೂ ರಾತ್ರಿ ಓಡುವ, ನೀರು ತಣಿಸುವ ಚಿಲ್ಲರ್ ಯಂತ್ರ ಬೇಕು, ಅದರ ಬೆನ್ನಿಗೆ ಕರೆಂಟು ಹೋದಾಗಲೂ ನಡೆಯುವ ವ್ಯವಸ್ಥೆ ಬೇಕು, ಮತ್ತು ಪ್ರಾಣಿ ಹತ್ತು ಹದಿನೈದು ವರ್ಷ ಬದುಕುತ್ತದೆ. ಇದರ ಜೊತೆಗೆ ಕಾನೂನಿನ ಮಾತೂ ಇದೆ. ಆಕ್ಸಲಾಟಲ್ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಇಂಥ ಪ್ರಾಣಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು.

ಆಮೆಯ ವಿಷಯದಲ್ಲಿ ಇನ್ನೂ ಖಂಡಿತವಾಗಿ ಬೇಡವೆನ್ನುತ್ತೇನೆ. ವಾಸ್ತುವಿನ ಹೆಸರಿನಲ್ಲಿ ಮಾರಾಟವಾಗುವ, ನಾಣ್ಯದಷ್ಟು ಅಗಲದ ಹಸಿರು ಮರಿ ಉತ್ತರ ಅಮೆರಿಕದ ಕೆಂಪು ಕಿವಿಯ ಆಮೆ. ಅದು 25ರಿಂದ 30 ಸೆಂಟಿಮೀಟರ್ ಬೆಳೆದು ಮೂವತ್ತು ವರ್ಷ ಬದುಕಬಲ್ಲದು. ಮೈ ಒಣಗಿಸಿಕೊಳ್ಳಲು ಒಣ ದಿಬ್ಬ, ಚಿಪ್ಪು ಗಟ್ಟಿಯಾಗಲು ಅತಿನೇರಳೆ ಕಿರಣದ ದೀಪ, ದಿನವೂ ಕೊಳೆಯಾಗುವ ನೀರಿಗೆ ದೊಡ್ಡ ಫಿಲ್ಟರ್ ಇಷ್ಟೂ ಬೇಕು. ಆಮೆಗಳ ಮೈಮೇಲಿನ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಮಕ್ಕಳಿಗೆ ಹರಡಿದ್ದರಿಂದ ನಾಲ್ಕಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ಅಮೆರಿಕ 1975ರಲ್ಲೇ ನಿಷೇಧಿಸಿತು. ಕೆರೆಯಂಗಳದಲ್ಲಿ ಸಿಕ್ಕ ನಮ್ಮದೇ ಮೃದುಚಿಪ್ಪಿನ ಆಮೆಯನ್ನು ಮನೆಗೆ ತರುವುದಂತೂ ಅಪರಾಧ. ಅದು ವನ್ಯಜೀವಿ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ.

ಬೇಸಿಗೆ ತಾಳಿಕೊಳ್ಳುವ ವಿಶೇಷ ಪ್ರಾಣಿ ಬೇಕೆನ್ನುವವರಿಗೆ ಎರಡು ಆಯ್ಕೆಗಳಿವೆ. ಆಫ್ರಿಕಾದ ಕುಬ್ಜ ಕಪ್ಪೆ ನಾಲ್ಕು ಸೆಂಟಿಮೀಟರ್ ಆಸುಪಾಸಿನ ಪ್ರಾಣಿ. ಜೀವನವಿಡೀ ನೀರಿನಲ್ಲೇ ಇದ್ದು, ಉಸಿರಾಡಲು ಮಾತ್ರ ಮೇಲೆ ಬರುತ್ತದೆ. ಕಣ್ಣು ಮಂದವಾದ್ದರಿಂದ ದಿನವೂ ಒಂದೇ ಜಾಗದಲ್ಲಿ ಊಟ ಕೊಡಬೇಕು, ಜಿಗಿದು ಹೊರಬೀಳದಂತೆ ಮುಚ್ಚಳವೂ ಬೇಕು. ಕೊಳ್ಳುವಾಗ ಮುಂಗಾಲುಗಳನ್ನು ನೋಡಬೇಕು: ನಾಲ್ಕೂ ಪಾದಗಳಲ್ಲಿ ಬೆರಳುಗಳ ನಡುವೆ ಪೊರೆಯಿದ್ದರೆ ಕುಬ್ಜ ಕಪ್ಪೆ, ಹಿಂಗಾಲುಗಳಲ್ಲಿ ಮಾತ್ರ ಇದ್ದರೆ ಅಂಗೈಯಗಲ ಬೆಳೆದು ಜೊತೆಯವರನ್ನೆಲ್ಲ ನುಂಗುವ ಅದರ ದೊಡ್ಡ ಸಂಬಂಧಿ. ಇನ್ನೊಂದು, ಕೇರಳ ಮತ್ತು ದಕ್ಷಿಣ ಕರ್ನಾಟಕದ ನದಿಗಳದೇ ಆದ ಬಟಾಣಿ ಪಫರ್ ಮೀನು. ಮೂರೂವರೆ ಸೆಂಟಿಮೀಟರ್ ದಾಟದ ಅದು ಹೆಚ್ಚಾದ ಸಣ್ಣ ಬಸವನಹುಳುಗಳನ್ನು ತಿಂದು ಮುಗಿಸುತ್ತದೆ, ಸೀಗಡಿಗಳನ್ನೂ ಬಿಡುವುದಿಲ್ಲ. ಹೊಳೆಯಿಂದ ಹಿಡಿದು ಮಾರುವುದರಿಂದ ಅದರ ಸಂಖ್ಯೆ ಕುಗ್ಗಿರುವುದನ್ನು ಗಮನದಲ್ಲಿಟ್ಟು, ತೊಟ್ಟಿಯಲ್ಲೇ ಹುಟ್ಟಿದ ಮರಿ ಸಿಕ್ಕರೆ ಮಾತ್ರ ಕೊಳ್ಳಬೇಕು.

ಸಾಕಲಾಗದ ಪ್ರಾಣಿಯನ್ನು ಸೂಳೆಕೆರೆಗೋ ವಾಣಿವಿಲಾಸ ಸಾಗರಕ್ಕೋ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ಭಾವಿಸುವವರಿದ್ದಾರೆ. ತೊಟ್ಟಿಯ ಪಾಚಿ ತಿನ್ನಲು ತಂದ ಸಕ್ಕರ್ ಮೀನು ಅಡಿಯುದ್ದ ಬೆಳೆದಾಗ ಹೀಗೆಯೇ ಬಿಡಲಾಗಿ, ಈಗ ದೇಶದ ಹಲವು ಕೆರೆ ನದಿಗಳಲ್ಲಿ ಬಲೆಗಳನ್ನು ಹರಿಯುತ್ತಾ ಸ್ಥಳೀಯ ಮೀನುಗಳ ನೆಲೆಯನ್ನು ಆಕ್ರಮಿಸಿದೆ. ಜಲಾಶಯಕ್ಕೆ ಬಿಟ್ಟದ್ದು ಜಲಾಶಯದಲ್ಲೇ ಉಳಿಯುತ್ತದೆ ಎಂಬ ಭರವಸೆಯೂ ಇಲ್ಲ: 1933ರ ಬಳಿಕ ತುಂಬದೆ ಇದ್ದ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದಾಗ ಒಳಗಿದ್ದದ್ದೆಲ್ಲ ವೇದಾವತಿಗೆ ಇಳಿಯಲು ದಾರಿ ತೆರೆಯಿತು. ಬೇಡವಾದ ಪ್ರಾಣಿಯನ್ನು ಕೊಂಡ ಅಂಗಡಿಗೋ ಸಾಕುವ ಇನ್ನೊಬ್ಬರಿಗೋ ಕೊಡಬೇಕು. ತೆಗೆದ ನೀರನ್ನೂ ಗಿಡದ ತುಣುಕುಗಳನ್ನೂ ಚರಂಡಿಗೆ ಬಿಡದೆ ಹಿತ್ತಲ ಗಿಡಗಳ ಬುಡಕ್ಕೆ ಹಾಕಬೇಕು. ಅದರ ನೈಟ್ರೇಟ್ ಕರಿಬೇವಿಗೆ ಒಳ್ಳೆಯ ಗೊಬ್ಬರ.

ಯುಗಾದಿಗೆ ಊರಿಗೆ ಹೋಗುವ ವಾರವೇ ಬಿಸಿಲು ಏರುವ ವಾರವೂ ಆಗಿರುವುದರಿಂದ ಕೊನೆಯದಾಗಿ ಅದರ ಸಿದ್ಧತೆ. ಪಳಗಿದ ತೊಟ್ಟಿಯ ಸೀಗಡಿ, ಬಸವನಹುಳುಗಳು ಪಾಚಿ ಮತ್ತು ಎಲೆಗಳ ಮೇಲೆ ಒಂದು ವಾರ ಆರಾಮವಾಗಿ ಕಳೆಯುತ್ತವೆ. ಊಟ ಹಾಕಲು ಯಾರಿಗೂ ಹೇಳಬಾರದು, ಏಕೆಂದರೆ ಪಕ್ಕದ ಮನೆಯವರು ಪ್ರೀತಿಯಿಂದ ನಾಲ್ಕು ಪಟ್ಟು ಹಾಕುತ್ತಾರೆ. ಹೊರಡುವ ಎರಡು ದಿನ ಮೊದಲು ಹತ್ತನೆಯ ಒಂದು ಭಾಗ ನೀರು ಬದಲಿಸಿ, ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಅಳಿಸದ ಮಾರ್ಕರಿನಲ್ಲಿ ಹೊರಗಡೆಯಿಂದ ಒಂದು ಗೆರೆ ಎಳೆದು, ಘಟಕದ ನೀರಿನ ಕ್ಯಾನನ್ನು ಪಕ್ಕದಲ್ಲೇ ಇಟ್ಟು, ಬೀಗದ ಕೈ ಕೊಟ್ಟ ಹುಡುಗನಿಗೆ ದಿನಕ್ಕೊಮ್ಮೆ ಗೆರೆಯವರೆಗೆ ಆ ಕ್ಯಾನಿನಿಂದ ಮಾತ್ರ ತುಂಬಲು ಹೇಳಿದರೆ ಸಾಕು. ಬಚ್ಚಲಮನೆಯ ಹಂಡೆಯ ಮೇಲೆ ನಾನು ಒಂದು ಚೀಟಿಯನ್ನೂ ಅಂಟಿಸಿ ಹೋಗುತ್ತೇನೆ.